ಹತ್ತಿ ಹೊಲದ ಹಾಡುಗಾರ ಜಾನಿ ಕ್ಯಾಶ್



ನಮ್ಮ ಆದವಾನಿಯ ಸುತ್ತಮುತ್ತಲಿನ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ನಾಲ್ಕು ದಿನ ಬಿಟ್ಟು ಶಾಲೆಗೆ ಬಂದ ಮಕ್ಕಳಿಗೆ ಎಲ್ಲಿ ಹೋಗಿದ್ದಿರಿ ಎಂದು ಕೇಳಬೇಕಾದ ಅಗತ್ಯವೇ ಇರುವುದಿಲ್ಲ. ಒಣಗಿದ ಹತ್ತಿಕಾಯಿಯ ಮೊನೆ ಗೀರಿದ ಗುರುತುಗಳು ಅವರ ಬೆರಳ ತುದಿಯಲ್ಲಿರುತ್ತವೆ. ಅಂಥವೇ ಗುರುತುಗಳನ್ನು ಕೈಯಲ್ಲಿ ಹೊತ್ತು ಬೆಳೆದ ದೂರದೇಶದ ಹುಡುಗನೊಬ್ಬನ ಕಥೆಯನ್ನು ಈ ಸಂಚಿಕೆಯಲ್ಲಿ ನಿಮಗೆ ಹೇಳಬೇಕೆಂದಿದ್ದೇವೆ.

ಆತನ ಹೆಸರು ಜಾನಿ ಕ್ಯಾಶ್. ಅಮೆರಿಕದ ಹೆಸರಾಂತ ಹಾಡುಗಾರ. 71 ವರ್ಷ ಬಾಳಿ 2003ರಲ್ಲಿ ತೀರಿಕೊಂಡ. ಹಣ, ಕೀರ್ತಿ, ತಪ್ಪು, ಪಶ್ಚಾತ್ತಾಪ ಎಲ್ಲವೂ ಆತನ ಬಾಳಿನಲ್ಲಿ ತುಂಬಿವೆ. ಆದರೆ ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಆತನ ಕೊನೆಯ ಹತ್ತು ವರ್ಷಗಳು. ಇವನ ಕಾಲ ಮುಗಿಯಿತು ಎಂದು ಎಲ್ಲರೂ ಕೈಬಿಟ್ಟ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಆತ ಹೊಸ ಧ್ವನಿಮುದ್ರಿಕೆಯೊಂದನ್ನು ಹೊರತಂದು ಮೊಮ್ಮಕ್ಕಳ ವಯಸ್ಸಿನ ತರುಣರನ್ನು ತನ್ನತ್ತ ಸೆಳೆದುಕೊಂಡ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಮೊದಲು ಹತ್ತಿ ಹೊಲಕ್ಕೇ ಹೋಗಬೇಕು.

ಬಾಲ್ಯ

1932ರ ಫೆಬ್ರವರಿ 26ರಂದು ಅಮೆರಿಕದ ಅರ್ಕಾನ್ಸಾ ರಾಜ್ಯದ ಕಿಂಗ್ಸ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ಈ ಹುಡುಗ ಹುಟ್ಟಿದ. ತಂದೆ ರೇ ಕ್ಯಾಶ್, ತಾಯಿ ಕ್ಯಾರಿ. ಏಳು ಮಕ್ಕಳಲ್ಲಿ ಈತ ನಾಲ್ಕನೆಯವ. ಹೆಸರಿನ ಬಗ್ಗೆ ತಂದೆತಾಯಿಗಳಲ್ಲಿ ಒಮ್ಮತ ಮೂಡದೆ ಕೊನೆಗೆ ಜೆ. ಆರ್. ಎಂಬ ಎರಡಕ್ಷರಗಳನ್ನೇ ಹೆಸರಾಗಿ ಉಳಿಸಿದರಂತೆ.

ಅದು ಅಮೆರಿಕದಂಥ ಸಿರಿವಂತ ದೇಶವೂ ಕೂಲಿಗಾಗಿ ಅಲೆಯುತ್ತಿದ್ದ ಕಾಲ. 1929ರಲ್ಲಿ ಆರಂಭವಾದ ಆರ್ಥಿಕ ಕುಸಿತದಿಂದ ರೈತರ ಬದುಕು ನೆಲ ಕಚ್ಚಿತ್ತು. ಅಧ್ಯಕ್ಷ ರೂಸ್‌ವೆಲ್ಟರ ಸರಕಾರ ಅಂಥ ಬಡ ರೈತ ಕುಟುಂಬಗಳಿಗಾಗಿ ಡೈಯೆಸ್ ಎಂಬಲ್ಲಿ ಹೊಸ ವಸಾಹತೊಂದನ್ನು ಕಟ್ಟಿಸಿತು. 1935ರಲ್ಲಿ ಕ್ಯಾಶ್ ಕುಟುಂಬಕ್ಕೂ ಅಲ್ಲಿ ಐದು ಕೋಣೆಗಳ ಒಂದು ಮನೆ ಮತ್ತು 20 ಎಕರೆ ಭೂಮಿ ದೊರೆಯಿತು. ಭೂಮಿಯೇನೋ ದೊರೆಯಿತು. ಆದರೆ ಅದೆಲ್ಲ ಪೊದೆ ಬೆಳೆದ ಜೌಗು ನೆಲ. ತಂದೆಯೂ ಹಿರಿಯ ಮಗನೂ ಗಿಡಮರ ಕಡಿದು ಅದನ್ನು ಹೊಲವಾಗಿಸಿದರು. ಹತ್ತಿ ಬಿತ್ತಿದರು. 1937ರ ಜನವರಿಯಲ್ಲಿ ನೆರೆ ಬಂದು ಮನೆ ಬಿಟ್ಟು ಓಡಬೇಕಾಯಿತು. ಮುಂದೆ 1959ರಲ್ಲಿ ಕ್ಯಾಶ್ ಆ ನೆರೆಯ ನೆನಪಿನ ಮೇಲೆಯೇ ಒಂದು ಹಾಡು ಕಟ್ಟಿದ.

ಐದು ವರ್ಷ ತುಂಬುವ ಹೊತ್ತಿಗೇ ಹುಡುಗ ಹೊಲಕ್ಕಿಳಿದ. ಮೊದಲು ಕೆಲಸಗಾರರಿಗೆ ನೀರು ಕೊಡುವುದು. ತೋಳಿಗೆ ಬಲ ಬಂದ ಮೇಲೆ ಉದ್ದನೆಯ ಚೀಲ ಎಳೆಯುತ್ತ ಹತ್ತಿ ಬಿಡಿಸುವುದು. ದಣಿವು ಮರೆಯಲು ಮನೆಮಂದಿಯೆಲ್ಲ ಸಾಲಿನುದ್ದಕ್ಕೂ ಭಕ್ತಿಗೀತೆಗಳನ್ನು ಹಾಡುತ್ತಿದ್ದರು. ಮನೆಯಲ್ಲಿ ವಿದ್ಯುತ್ತಿರಲಿಲ್ಲ. ಬ್ಯಾಟರಿಯ ರೇಡಿಯೋ ಒಂದಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೂ ಹುಡುಗ ಅದಕ್ಕೆ ಕಿವಿಗೊಟ್ಟು ಕುಳಿತಿರುತ್ತಿದ್ದ. ಕಾರ್ಟರ್ ಕುಟುಂಬ ಎಂಬ ಪ್ರಸಿದ್ಧ ಗಾಯಕ ಮನೆತನದ ಹಾಡುಗಳು ಅದರಲ್ಲಿ ಬರುತ್ತಿದ್ದವು. ಆ ಮನೆತನದ ಜೂನ್ ಎಂಬ ಹುಡುಗಿಯೇ ಮುಂದೊಂದು ದಿನ ತನ್ನ ಕೈಹಿಡಿಯುವಳೆಂದು ಆತ ಕನಸಿನಲ್ಲಿಯೂ ಎಣಿಸಿರಲಿಕ್ಕಿಲ್ಲ.

ಈತನಿಗಿಂತ ಎರಡು ವರ್ಷ ಹಿರಿಯನಾದ ಅಣ್ಣ ಜ್ಯಾಕ್. ಓದಿನಲ್ಲಿ ಚುರುಕು, ನಡತೆಯಲ್ಲಿ ಗಂಭೀರ. ಧರ್ಮಬೋಧಕನಾಗಬೇಕೆಂಬ ಹಂಬಲ ಆತನದು. ತಮ್ಮನಿಗೆ ಅಣ್ಣನೆಂದರೆ ಪ್ರಾಣ. 1944ರ ಮೇ ತಿಂಗಳ ಒಂದು ಶನಿವಾರ ಜ್ಯಾಕ್ ಮನೆಗೆ ನಾಲ್ಕು ಕಾಸು ತರಲೆಂದು ಮರ ಕೊಯ್ಯುವ ಕೆಲಸಕ್ಕೆ ಹೋದ. ತಮ್ಮ ಮೀನು ಹಿಡಿಯಲು ಹೋದ. ಅಂದು ಜ್ಯಾಕ್ ಗರಗಸದ ಯಂತ್ರಕ್ಕೆ ಸಿಕ್ಕಿ ತೀವ್ರವಾಗಿ ಗಾಯಗೊಂಡ. ಒಂದು ವಾರ ನರಳಿ ತೀರಿಕೊಂಡ. ಅಂತ್ಯಕ್ರಿಯೆಯ ಮರುದಿನವೇ ಮನೆಯವರೆಲ್ಲ ಹತ್ತಿ ಹೊಲದಲ್ಲಿ ಗುದ್ದಲಿ ಹಿಡಿದು ನಿಂತಿದ್ದನ್ನು ಕ್ಯಾಶ್ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ದುಡಿದು ತಿನ್ನುವವರಿಗೆ ಅಳಲೂ ಬಿಡುವಿರುವುದಿಲ್ಲ. ಹನ್ನೆರಡು ವರ್ಷದ ಆ ಹುಡುಗನ ಎದೆಯಲ್ಲಿ ಕುಳಿತ ದುಃಖ ಜೀವಮಾನವಿಡೀ ಆತನ ದನಿಯಲ್ಲಿ ಉಳಿಯಿತು.

ಹದಿಹರೆಯದಲ್ಲಿ ಆತನ ಕಂಠ ಒಡೆದು ಬಾವಿಯ ತಳದಿಂದ ಬಂದಂಥ ಆಳವಾದ ದನಿಯಾಯಿತು. ತಾಯಿ ಅದನ್ನು ದೇವರ ಕೊಡುಗೆ ಎಂದು ನಂಬಿದಳು. ಬೇರೆಯವರ ಬಟ್ಟೆ ಒಗೆದು ಹಣ ಕೂಡಿಸಿ ಮಗನನ್ನು ಸಂಗೀತ ಪಾಠಕ್ಕೆ ಕಳಿಸಿದಳು. ಮೂರನೆಯ ಪಾಠದ ದಿನ ಶಿಕ್ಷಕಿ ಪಿಯಾನೋ ಮುಚ್ಚಿ, ನಿನಗಿಷ್ಟವಾದದ್ದನ್ನು ಹಾಡು ಎಂದರು. ಕೇಳಿದ ಮೇಲೆ, ಇನ್ನು ಪಾಠಕ್ಕೆ ಬರಬೇಡ, ನಿನ್ನ ಹಾಡುವ ರೀತಿಯನ್ನು ನಾನಾಗಲಿ ಬೇರೆ ಯಾರಾಗಲಿ ಬದಲಾಯಿಸಲು ಬಿಡಬೇಡ ಎಂದು ಹೇಳಿ ಮನೆಗೆ ಕಳಿಸಿದರು. ತಿದ್ದುವುದು ಶಿಕ್ಷಕರಾದ ನಮ್ಮ ಕಸುಬು. ಎಲ್ಲಿ ತಿದ್ದಬಾರದು ಎಂಬುದನ್ನು ಅರಿಯುವುದು ಅದಕ್ಕಿಂತ ಕಷ್ಟ. ಆ ಶಿಕ್ಷಕಿ ಅದನ್ನು ಅರಿತಿದ್ದರು. ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಏಳಿಗೆ

ಹೈಸ್ಕೂಲು ಮುಗಿಸಿ 1950ರಲ್ಲಿ ಆತ ವಾಯುಸೇನೆಗೆ ಸೇರಿದ. ಬರಿಯ ಎರಡಕ್ಷರದ ಹೆಸರು ಅಲ್ಲಿ ನಡೆಯದೆ ಜಾನ್ ಎಂದು ಬರೆಸಬೇಕಾಯಿತು. ಪಶ್ಚಿಮ ಜರ್ಮನಿಯ ಲಾಂಡ್ಸ್‌ಬರ್ಗಿನಲ್ಲಿ ರಷ್ಯದವರ ತಂತಿ ಸಂಕೇತಗಳನ್ನು ಆಲಿಸಿ ಬರೆದುಕೊಳ್ಳುವ ಕೆಲಸ. ಅಲ್ಲಿಯೇ ಅಗ್ಗದ ಗಿಟಾರೊಂದನ್ನು ಕೊಂಡು ಜೊತೆಗಾರರೊಡನೆ ಹಾಡತೊಡಗಿದ. ಫಾಲ್ಸಮ್ ಎಂಬ ಸೆರೆಮನೆಯ ಕುರಿತ ಚಲನಚಿತ್ರವನ್ನು ನೋಡಿ, ಸೆರೆಯಾಳಿನ ಅಳಲನ್ನು ಹೇಳುವ ಹಾಡೊಂದನ್ನು ಕಟ್ಟಿದ್ದೂ ಆಗಲೇ.

1954ರಲ್ಲಿ ಸೇನೆಯಿಂದ ಬಿಡುಗಡೆ ಹೊಂದಿ ವಿವಿಯನ್ ಎಂಬಾಕೆಯನ್ನು ಮದುವೆಯಾಗಿ ಮೆಂಫಿಸ್ ನಗರದಲ್ಲಿ ನೆಲೆಸಿದ. ಹೊಟ್ಟೆಪಾಡಿಗೆ ಮನೆಮನೆ ಸುತ್ತಿ ಗೃಹೋಪಯೋಗಿ ಯಂತ್ರಗಳನ್ನು ಮಾರುವ ಕೆಲಸ. ಅದರಲ್ಲಿ ಆತ ಸೋತವನೇ. ಸಂಜೆ ಲೂಥರ್ ಪರ್ಕಿನ್ಸ್, ಮಾರ್ಷಲ್ ಗ್ರಾಂಟ್ ಎಂಬ ಇಬ್ಬರು ಮೋಟಾರು ಮೆಕ್ಯಾನಿಕರೊಡನೆ ಹಾಡಿಕೆ. ಸನ್ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಯಾಮ್ ಫಿಲಿಪ್ಸ್, ಭಕ್ತಿಗೀತೆಗಳು ಮಾರಾಟವಾಗುವುದಿಲ್ಲವೆಂದು ಮೊದಲು ಇವರನ್ನು ಹಿಂದಕ್ಕೆ ಕಳಿಸಿದರು. ಕ್ಯಾಶ್ ಬಿಡಲಿಲ್ಲ. ತಾನೇ ಕಟ್ಟಿದ ಹಾಡುಗಳೊಡನೆ ಮತ್ತೆ ಹೋದ. 1955ರಲ್ಲಿ ಮೊದಲ ಮುದ್ರಿಕೆ ಹೊರಬಂತು. ಅದರ ಒಂದು ಹಾಡು ರೈಲಿನಲ್ಲಿ ಊರಿಗೆ ಮರಳುವವನ ಸಂಭ್ರಮದ್ದು. 1956ರ "ಐ ವಾಕ್ ದ ಲೈನ್" ಎಂಬ ಹಾಡು ಆತನನ್ನು ದೇಶಕ್ಕೆಲ್ಲ ಪರಿಚಯಿಸಿತು.

ಈ ಮೂವರ ಬಳಿ ಡ್ರಮ್ ಬಾರಿಸುವವರು ಇರಲಿಲ್ಲ. ಕ್ಯಾಶ್ ಒಂದು ಉಪಾಯ ಮಾಡಿದ. ಮಡಿಸಿದ ಕಾಗದವನ್ನು ಗಿಟಾರಿನ ತಂತಿಗಳ ನಡುವೆ ಸಿಕ್ಕಿಸಿದ. ತಂತಿ ಮೀಟಿದಾಗ ಚಿಕ್ ಚಿಕ್ ಎಂದು ಡ್ರಮ್ಮಿನಂಥದೇ ಸದ್ದು ಬಂತು. ಹಳಿಯ ಮೇಲೆ ಓಡುವ ಗೂಡ್ಸ್ ಗಾಡಿಯ ಲಯ ಹಾಡಿಗೆ ಒದಗಿತು. ಬಡತನದಿಂದ ಹುಟ್ಟಿದ ಆ ಸದ್ದೇ ಮುಂದೆ ಆತನ ಗುರುತಾಯಿತು.

ತಪ್ಪು ಮತ್ತು ತಿದ್ದುಪಡಿ

1958ರಲ್ಲಿ ಆತ ಕೊಲಂಬಿಯ ಎಂಬ ದೊಡ್ಡ ಸಂಸ್ಥೆಯನ್ನು ಸೇರಿದ. ಹಣ ಬಂತು, ಊರೂರು ತಿರುಗಾಟ ಬಂತು. ರಾತ್ರಿಯೆಲ್ಲ ಕಾರು ಓಡಿಸಿ ಮರುದಿನ ಹಾಡಬೇಕಾದವರು ನಿದ್ದೆ ಬಾರದಿರಲೆಂದು ಉತ್ತೇಜಕ ಮಾತ್ರೆಗಳನ್ನು ನುಂಗುತ್ತಿದ್ದ ಕಾಲವದು. ಕ್ಯಾಶ್ ಕೂಡ ನುಂಗಿದ. ಮೊದಲು ಆತ ಮಾತ್ರೆಯನ್ನು ನುಂಗಿದ. ಆಮೇಲೆ ಮಾತ್ರೆ ಆತನನ್ನು ನುಂಗಿತು. ಕಾರ್ಯಕ್ರಮಗಳು ತಪ್ಪಿದವು. ದನಿ ಒಣಗಿತು. 1965ರಲ್ಲಿ ಗಿಟಾರಿನ ಪೆಟ್ಟಿಗೆಯಲ್ಲಿ ಮಾತ್ರೆ ಬಚ್ಚಿಟ್ಟುಕೊಂಡು ಬರುವಾಗ ಎಲ್ ಪಾಸೊ ನಗರದಲ್ಲಿ ಸಿಕ್ಕಿಬಿದ್ದ. ಬೇಡಿ ತೊಟ್ಟ ಆತನ ಚಿತ್ರ ಪತ್ರಿಕೆಗಳಲ್ಲಿ ಬಂತು. ವಿವಿಯನ್ ನಾಲ್ವರು ಹೆಣ್ಣುಮಕ್ಕಳೊಡನೆ ದೂರವಾದಳು. ಈ ಭಾಗವನ್ನು ಮುಚ್ಚಿಟ್ಟು ದೊಡ್ಡವರ ಕಥೆ ಹೇಳುವುದು ಸರಿಯೆಂದು ನಮಗೆ ತೋರುವುದಿಲ್ಲ.

ಜೂನ್ ಕಾರ್ಟರ್ ಮತ್ತು ಆಕೆಯ ತಂದೆತಾಯಿ ಆತನನ್ನು ಹಿಡಿದೆತ್ತಿದರು. 1968ರ ಮಾರ್ಚ್ 1ರಂದು ಅವರಿಬ್ಬರ ವಿವಾಹವಾಯಿತು. ಚಟ ಅಂದಿಗೇ ನಿರ್ಮೂಲವಾಯಿತೆಂದು ಯಾರೂ ತಿಳಿಯಬಾರದು. ಅದು ಮುಂದೆಯೂ ಮರಳಿ ಬಂತು. 1980ರ ದಶಕದಲ್ಲಿ ಆತ ಚಿಕಿತ್ಸಾಲಯ ಸೇರಬೇಕಾಯಿತು. ಬಿದ್ದಾಗಲೆಲ್ಲ ಎದ್ದ ಎಂಬುದೇ ಆತನ ಹಿರಿಮೆ.

ಅದೇ 1968ರ ಜನವರಿ 13ರಂದು ಕ್ಯಾಶ್ ಕ್ಯಾಲಿಫೋರ್ನಿಯದ ಫಾಲ್ಸಮ್ ಸೆರೆಮನೆಯೊಳಗೆ, ಕೈದಿಗಳ ಎದುರಿನಲ್ಲಿ ಹಾಡಿ ಅದನ್ನು ಧ್ವನಿಮುದ್ರಿಸಿದ. ಅಲ್ಲಿನ ಕೈದಿ ಗ್ಲೆನ್ ಶರ್ಲಿ ರಚಿಸಿದ ಹಾಡನ್ನು ಹಿಂದಿನ ರಾತ್ರಿಯಷ್ಟೇ ಕಲಿತು ಅಂದು ಹಾಡಿದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಕೈದಿಗೆ ತನ್ನ ಹಾಡು ಹಾಡಲಾಗುವುದೆಂದು ಮೊದಲು ತಿಳಿದಿರಲಿಲ್ಲ. ಸೆರೆಮನೆಯ ಆ ಮುದ್ರಿಕೆಯಿಂದ ಕ್ಯಾಶನ ಹೆಸರು ಮತ್ತೆ ಬೆಳಗಿತು. 1969ರಿಂದ 1971ರವರೆಗೆ ದೂರದರ್ಶನದಲ್ಲಿ ಆತನದೇ ಕಾರ್ಯಕ್ರಮ ನಡೆಯಿತು. 1972ರಲ್ಲಿ ಆತ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ನಿಂತು ಸೆರೆಮನೆಗಳ ಸುಧಾರಣೆಗಾಗಿ ವಾದಿಸಿದ. ಬಡವರ, ಸೆರೆಯಾಳುಗಳ ನೆನಪಿಗಾಗಿ ಕಪ್ಪು ಬಟ್ಟೆ ತೊಡುತ್ತೇನೆಂದು 1971ರಲ್ಲಿ ಹಾಡಿನ ಮೂಲಕವೇ ಸಾರಿದ. ಕಪ್ಪುಡುಗೆಯ ಮನುಷ್ಯ ಎಂಬ ಹೆಸರು ಆತನಿಗೆ ಅಂಟಿಕೊಂಡಿತು.

ಕೈಬಿಟ್ಟ ಕಾಲ

ಕಾಲ ಉರುಳಿತು. 1976ರ ನಂತರ ಆತನೊಬ್ಬನದೇ ಹಾಡು ಮೊದಲ ಸ್ಥಾನಕ್ಕೆ ಏರಲಿಲ್ಲ. ಹೊಸ ಗಾಯಕರು ಬಂದರು. ರೇಡಿಯೋ ಕೇಂದ್ರಗಳು ಹಳಬರನ್ನು ಬದಿಗಿಟ್ಟವು. ಹೇಗಾದರೂ ಜನರ ಗಮನ ಸೆಳೆಯಬೇಕೆಂದು ಗಾಯನದ ಹಿಂದೆ ವಾದ್ಯಗಳ ಮೇಲೆ ವಾದ್ಯ ಪೇರಿಸಲಾಯಿತು. 1984ರಲ್ಲಂತೂ ಆತನ ಮಿದುಳನ್ನು ಕೋಳಿಗೆ ಜೋಡಿಸಿದರೆಂಬ ಹಾಸ್ಯದ ಹಾಡೊಂದನ್ನು ಆತನಿಂದ ಹಾಡಿಸಿ, ವಿಚಿತ್ರ ವೇಷ ತೊಡಿಸಿ ಚಿತ್ರ ತೆಗೆದರು. ಸೆರೆಯಾಳುಗಳ ಕಣ್ಣಲ್ಲಿ ನೀರು ತರಿಸಿದ್ದ ದನಿ ಅದು. ಆ ಹಾಡಿನ ಬಗ್ಗೆ ಆತ ಕೊನೆಯವರೆಗೂ ನಾಚಿಕೊಂಡ. 1986ರಲ್ಲಿ, ಸುಮಾರು 28 ವರ್ಷಗಳ ನಂತರ, ಕೊಲಂಬಿಯ ಸಂಸ್ಥೆ ಆತನ ಒಪ್ಪಂದವನ್ನು ಮುಂದುವರಿಸಲಿಲ್ಲ. ಬೇರೊಂದು ಸಂಸ್ಥೆ ಸೇರಿದರೂ ಫಲ ಕಾಣಲಿಲ್ಲ. 1988ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಗೌರವಗಳು ಬರುತ್ತಿದ್ದವು. ಹೊಸ ಹಾಡು ಕೇಳುವವರು ಮಾತ್ರ ಕಡಿಮೆಯಾಗಿದ್ದರು. ಕ್ಯಾಶ್ ಊರೂರು ಸುತ್ತಿ ಹಳೆಯ ಹಾಡುಗಳನ್ನೇ ಹಾಡುತ್ತಿದ್ದ.

ಹೊಸ ದನಿ

1993ರಲ್ಲಿ ರಿಕ್ ರೂಬಿನ್ ಎಂಬ ಉದ್ದ ಗಡ್ಡದ ಧ್ವನಿಮುದ್ರಣಕಾರ ಕ್ಯಾಶನನ್ನು ಕಾಣಲು ಬಂದ. ವಯಸ್ಸು ಮೂವತ್ತು. ಆತ ಹೆಸರು ಮಾಡಿದ್ದು ನಗರದ ಹುಡುಗರ ರ‍್ಯಾಪ್ ಹಾಡುಗಳಲ್ಲಿ ಮತ್ತು ಕಿವಿಗಡಚಿಕ್ಕುವ ಮೆಟಲ್ ಸಂಗೀತದಲ್ಲಿ. ಹತ್ತಿ ಹೊಲದ ಮುದುಕನಿಗೂ ಈತನಿಗೂ ಎತ್ತಣಿಂದೆತ್ತ ಸಂಬಂಧವೆಂದು ಕಂಡವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಕ್ಯಾಶನಿಗೂ ಸಂದೇಹವೇ ಇತ್ತು. ಈ ಹುಡುಗ ತನ್ನಿಂದ ಏನು ಮಾಡಿಸಬಲ್ಲ?

ರೂಬಿನ್ ಮಾಡಿಸಿದ್ದು ಸರಳವಾದ ಕೆಲಸ. ಲಾಸ್ ಏಂಜಲೀಸಿನ ತನ್ನ ಮನೆಯ ಹಜಾರದಲ್ಲಿ ಕ್ಯಾಶನನ್ನು ಕೂರಿಸಿ, ಕೈಗೆ ಗಿಟಾರ್ ಕೊಟ್ಟು, ನಿಮಗೆ ಪ್ರಿಯವಾದ ಹಾಡುಗಳನ್ನೆಲ್ಲ ಹಾಡಿ ಎಂದ. ಧ್ವನಿಮುದ್ರಣ ಯಂತ್ರ ಓಡುತ್ತಿತ್ತು. ಬಾಲ್ಯದ ಭಕ್ತಿಗೀತೆ, ದನಗಾಹಿಗಳ ಪದ, ರೈಲಿನ ಹಾಡು, ತಾನೇ ಹೊಸದಾಗಿ ಕಟ್ಟಿದ ಹಾಡು ಹೀಗೆ ದಿನಗಟ್ಟಲೆ ಹಾಡಿಕೆ ನಡೆಯಿತು. ಟೆನೆಸಿಯಲ್ಲಿ ಕಾಡಿನಂಚಿನ ಕ್ಯಾಶನ ಮರದ ಮನೆಯಲ್ಲಿಯೂ ಮುದ್ರಣ ಮುಂದುವರಿಯಿತು. ನಡುವೆ ವಾದ್ಯವೃಂದ ಸೇರಿಸಿಯೂ ನೋಡಿದರು. ಕೊನೆಗೆ ಇಬ್ಬರಿಗೂ ಒಂದೇ ಮಾತು ಹೊಳೆಯಿತು: ಹಜಾರದ ಆ ಬರಿಯ ಹಾಡಿಕೆಯೇ ಆಲ್ಬಮ್. ಅದಕ್ಕೆ ಏನನ್ನೂ ಸೇರಿಸಬಾರದು.

"ಅಮೆರಿಕನ್ ರೆಕಾರ್ಡಿಂಗ್ಸ್" ಎಂಬ ಹೆಸರಿನಲ್ಲಿ ಅದು 1994ರ ಏಪ್ರಿಲ್‌ನಲ್ಲಿ ಹೊರಬಂತು. 13 ಹಾಡುಗಳು, ಒಂದು ಗಿಟಾರ್, ಒಬ್ಬ ಮನುಷ್ಯ. ಡ್ರಮ್ ಇಲ್ಲ, ಪಿಟೀಲುಗಳಿಲ್ಲ, ಹಿಮ್ಮೇಳವಿಲ್ಲ. ಕೇಳುವವರಿಗೆ ಆತ ಎದುರಿನ ಕುರ್ಚಿಯಲ್ಲಿಯೇ ಕುಳಿತಂತೆ. ಉಸಿರೆಳೆದದ್ದೂ ಕೇಳುವಷ್ಟು ಹತ್ತಿರ. ಗದ್ದಲದ ಹಾಡು ಕೇಳಿ ಬೆಳೆದ ತರುಣರಿಗೆ ಇದೇ ಹೊಸತಾಗಿ ಕೇಳಿಸಿತು. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಸಾವಿರಾರು ಹುಡುಗರು ಆತನ ಹಾಡಿಗೆ ಕುಣಿದರು. ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಮತ್ತೆರಡು ವರ್ಷದಲ್ಲಿ ಬಂದ ಎರಡನೆಯ ಆಲ್ಬಮ್ಮಿಗೂ ಬಂತು.

ಹುಡುಗನಾಗಿದ್ದಾಗ ಪಿಯಾನೋ ಮುಚ್ಚಿದ ಆ ಶಿಕ್ಷಕಿ ಹೇಳಿದ್ದನ್ನು ಸುಮಾರು 45 ವರ್ಷಗಳ ನಂತರ ಈ ಗಡ್ಡದ ತರುಣ ಮತ್ತೆ ಹೇಳಿದನೆಂದೇ ನಾವು ತಿಳಿಯುತ್ತೇವೆ. ಇಬ್ಬರೂ ಹಾಡಲು ಬಿಟ್ಟು ತಾವು ಕೇಳಿಸಿಕೊಂಡರು. ನಡುವಿನ ವರ್ಷಗಳಲ್ಲಿ ದನಿಯ ಮೇಲೆ ಪೇರಿಸಿದ್ದೆಲ್ಲವನ್ನೂ ಇಳಿಸಿದಾಗ ಅಡಿಯಲ್ಲಿದ್ದದ್ದು ಹಾಳಾಗದೆ ಉಳಿದಿತ್ತು. ಅಷ್ಟೇ ಅಲ್ಲ, ಮಾಗಿತ್ತು.

ಕೊನೆಯ ದಿನಗಳು

1997ರಿಂದ ನರಗಳ ಕಾಯಿಲೆ ಆತನನ್ನು ಕಾಡಿತು. ತಿರುಗಾಟ ನಿಂತಿತು. ಕಣ್ಣು ಮಂಜಾಯಿತು. ಆದರೆ ಹಾಡು ನಿಲ್ಲಲಿಲ್ಲ. ರೂಬಿನ್ ಹೊಸ ತಲೆಮಾರಿನವರ ಹಾಡುಗಳನ್ನು ತಂದು ಕೇಳಿಸುತ್ತಿದ್ದ. ಮನಸ್ಸಿಗೆ ಹಿಡಿದದ್ದನ್ನು ಕ್ಯಾಶ್ ತನ್ನದಾಗಿಸಿಕೊಳ್ಳುತ್ತಿದ್ದ. ಟ್ರೆಂಟ್ ರೆಜ್ನರ್ ಎಂಬ ತರುಣ ಬರೆದ "ಹರ್ಟ್" ಎಂಬ ಹಾಡು ಅವುಗಳಲ್ಲೊಂದು. ಚಟದ ನೋವಿನಲ್ಲಿ ತನ್ನವರನ್ನೆಲ್ಲ ಕಳೆದುಕೊಂಡವನ ಹಾಡದು. ಮೂಲದ ಒಂದು ಅಸಭ್ಯ ಪದವನ್ನು ಮಾತ್ರ ಬದಲಿಸಿ ಕ್ಯಾಶ್ ಅದನ್ನು ಹಾಡಿದ. ತರುಣ ಬರೆದಾಗ ಅದು ಒಬ್ಬನ ಸಂಕಟವಾಗಿತ್ತು. ಎಪ್ಪತ್ತರ ಮುದುಕ ನಡುಗುವ ದನಿಯಲ್ಲಿ ಹಾಡಿದಾಗ ಇಡೀ ಬಾಳಿನ ಲೆಕ್ಕ ಒಪ್ಪಿಸಿದಂತಾಯಿತು. ಆ ಹಾಡಿನ ಚಿತ್ರವನ್ನು ಮಾರ್ಕ್ ರೊಮಾನೆಕ್ ತೆಗೆದರು. ಮುಚ್ಚಿಹೋದ ಆತನದೇ ವಸ್ತುಸಂಗ್ರಹಾಲಯ, ಧೂಳು ಹಿಡಿದ ನೆನಪಿನ ವಸ್ತುಗಳು, ಮೆಟ್ಟಿಲ ಮೇಲೆ ನಿಂತು ಗಂಡನನ್ನೇ ನೋಡುತ್ತಿರುವ ಜೂನ್. ನೋಡಿದವರು ಮರೆಯಲಾರರು. ಹಾಡು ತನ್ನ ಕೈಯಿಂದ ಜಾರಿ ಕ್ಯಾಶನದಾಯಿತೆಂದು ಸ್ವತಃ ರೆಜ್ನರನಿಗೂ ಅನಿಸಿತು.

2003ರ ಮೇ 15ರಂದು ಜೂನ್ ತೀರಿಕೊಂಡಳು. ಕ್ಯಾಶ್ ಗಾಲಿಕುರ್ಚಿಯಲ್ಲಿದ್ದ. ಸುಮ್ಮನೆ ಕುಳಿತರೆ ಉಳಿಯಲಾರೆನೆಂದು ಬಗೆದು, ಕೆಲವೇ ದಿನಗಳಲ್ಲಿ ಮತ್ತೆ ಧ್ವನಿಮುದ್ರಣಕ್ಕೆ ಕುಳಿತ. ಅಣ್ಣನನ್ನು ಮಣ್ಣು ಮಾಡಿದ ಮರುದಿನ ಹೊಲಕ್ಕಿಳಿದ ಮನೆಯ ಮಗನಲ್ಲವೇ? ಕೆಲವು ದಿನ ದನಿ ಏಳುತ್ತಿತ್ತು, ಕೆಲವು ದಿನ ಏಳುತ್ತಿರಲಿಲ್ಲ. ಆತ ಕೊನೆಯದಾಗಿ ಕಟ್ಟಿದ ಹಾಡು ತನ್ನ ಶವಪೆಟ್ಟಿಗೆಯನ್ನು ಒಯ್ಯುವ ರೈಲಿನ ಕುರಿತದ್ದು. ಮೊದಲ ಮುದ್ರಿಕೆಯ ರೈಲಿನಂತೆ ಅದೂ ಮನೆಗೆ ಮರಳುವ ರೈಲೇ. ಸೆಪ್ಟೆಂಬರ್ 12ರಂದು ನ್ಯಾಶ್‌ವಿಲ್ ನಗರದಲ್ಲಿ ಆತ ಕಣ್ಣುಮುಚ್ಚಿದ. ಆ ಕೊನೆಯ ಹಾಡುಗಳ ಆಲ್ಬಮ್ 2006ರಲ್ಲಿ ಹೊರಬಂದು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1969ರ ನಂತರ ಆತನಿಗೆ ಆ ಸ್ಥಾನ ದೊರೆತದ್ದು ಅದೇ ಮೊದಲು.

ಡೈಯೆಸ್‌ನ ಆ ಐದು ಕೋಣೆಗಳ ಮನೆಯನ್ನು ದುರಸ್ತಿ ಮಾಡಿ 2014ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. 2024ರಲ್ಲಿ ಅರ್ಕಾನ್ಸಾ ರಾಜ್ಯವು ತನ್ನ ಪ್ರತಿನಿಧಿಯಾಗಿ ಆತನ ಕಂಚಿನ ಪ್ರತಿಮೆಯನ್ನು ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನಿಲ್ಲಿಸಿತು. ಬೆನ್ನ ಮೇಲೆ ಗಿಟಾರ್, ಕೈಯಲ್ಲಿ ಬೈಬಲ್.

ಮಕ್ಕಳೇ, ನಮ್ಮ ಶಾಲೆಯ ವಾರ್ಷಿಕೋತ್ಸವ ಬಂತೆಂದರೆ ಯಾರಾದರೊಬ್ಬ ಸಿನಿಮಾ ಗಾಯಕರ ದನಿಯನ್ನು ಅನುಕರಿಸಲು ನೀವು ಗಂಟಲು ಹರಿದುಕೊಳ್ಳುವುದನ್ನು ಪ್ರತಿ ವರ್ಷವೂ ಕಾಣುತ್ತೇವೆ. ಅನುಕರಣೆಯಿಂದ ಕಲಿಯುವುದುಂಟು, ತಪ್ಪೇನಿಲ್ಲ. ಆದರೆ ಹೊಲದಲ್ಲಿ ಹತ್ತಿ ಬಿಡಿಸುವಾಗ, ಯಾರೂ ಕೇಳುತ್ತಿಲ್ಲವೆಂದು ತಿಳಿದು ನೀವು ಗುನುಗುವ ದನಿಯೊಂದಿದೆಯಲ್ಲ, ಅದನ್ನು ಕಳೆದುಕೊಳ್ಳಬೇಡಿ. ಹಿರಿಯರಲ್ಲಿಯೂ ನಮ್ಮದೊಂದು ವಿನಂತಿ. ಮಗುವಿನ ದನಿಯನ್ನು ತಿದ್ದುವ ಮೊದಲು ಒಮ್ಮೆ ಕೆಲಸ ಬದಿಗಿಟ್ಟು, ಕುಳಿತು, ಪೂರ್ತಿಯಾಗಿ ಕೇಳಿ. ಬಟ್ಟೆ ಒಗೆದು ಮಗನನ್ನು ಪಾಠಕ್ಕೆ ಕಳಿಸಿದ ಕ್ಯಾರಿ ಎಂಬ ತಾಯಿ ಎಲ್ಲರಿಗಿಂತ ಮೊದಲು ಮಾಡಿದ್ದು ಅದನ್ನೇ.